ದ್ರಾಗಿ ಬಗ್ಗೆ ನೀವು ಕಳಿಸಿದ ಲೇಖನ ಯಾಕೆ ವಾಪಸ್ ಬರುತ್ತಿದೆ

ನಮಸ್ಕಾರ.

ಯೂರೋ ಬಳಸುವ ದೇಶಗಳ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದ ಮಾರಿಯೊ ದ್ರಾಗಿ ಬಗ್ಗೆ ನೀವು ಕಳಿಸಿದ ‘ಯೂರೋ ಉಳಿಸಿದ ಧೀರ’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಕನ್ನಡದಲ್ಲಿ ಕೇಂದ್ರ ಬ್ಯಾಂಕಿನವರ ಬಗ್ಗೆ ಬರೆಯುವವರೇ ಕಡಿಮೆ. ಬರೆಯಲು ಹೊರಟವರಿಗೆ ಎರಡು ಸಾಲಿನ ವಿಷಾದ ಪತ್ರ ಕಳಿಸಿ ಕೈತೊಳೆದುಕೊಳ್ಳೋಕೆ ಮನಸ್ಸಾಗಲಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ, ನೇರವಾಗಿ ಬರೆಯುತ್ತಿದ್ದೇನೆ. ಬೇಜಾರು ಮಾಡ್ಕೋಬೇಡಿ.

ಲೇಖನದ ಮೊದಲರ್ಧ ಬಯೋಡೇಟಾ. 1947ರಲ್ಲಿ ರೋಮ್‌ನಲ್ಲಿ ಹುಟ್ಟಿದರು, ಎಂಐಟಿಯಲ್ಲಿ ಡಾಕ್ಟರೇಟ್ ಮಾಡಿದರು, ಫ್ಲಾರೆನ್ಸ್‌ನಲ್ಲಿ ಪಾಠ ಹೇಳಿದರು. ಆಮೇಲೆ ವಿಶ್ವಬ್ಯಾಂಕ್, ಇಟಲಿಯ ಖಜಾನೆ, ಅಮೆರಿಕದ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್, ಇಟಲಿಯ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಟಲಿ, ಕೊನೆಗೆ ಫ್ರಾಂಕ್‌ಫರ್ಟ್‌ನ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ (ಇಸಿಬಿ). ಎಲ್ಲ ಸರಿಯಾಗಿದೆ, ಕ್ರಮವೂ ಸರಿ. ಆದರೆ ಇಷ್ಟು ಓದಿದವರಿಗೆ ಉಳಿಯೋದು ಒಂದೇ ಪ್ರಶ್ನೆ: ಸರಿ ಸ್ವಾಮಿ, ಈ ಮನುಷ್ಯ ಮಾಡಿದ್ದೇನು? ಕೇಂದ್ರ ಬ್ಯಾಂಕಿನವನ ಬದುಕು ಅಂದರೆ ಅವನು ತೆಗೆದುಕೊಂಡ ತೀರ್ಮಾನಗಳು. ಯಾವ ತೀರ್ಮಾನ, ಯಾವ ಒತ್ತಡದಲ್ಲಿ, ಯಾರು ಬೇಡ ಅಂದರು, ಯಾರಿಗೆ ಪೆಟ್ಟು ಬಿತ್ತು. ನಿಮ್ಮ ಲೇಖನದಲ್ಲಿ ಇದೇ ಕಾಣೆಯಾಗಿದೆ.

ಕಾಣಬೇಕಾದದ್ದು ನಿಮ್ಮ ಕೈಯಲ್ಲೇ ಇತ್ತು ಅನ್ನೋದು ಇನ್ನೂ ಬೇಸರದ ಸಂಗತಿ. ‘1970ರಲ್ಲಿ ರೋಮ್‌ನ ಸಪಿಯೆಂಜಾ ವಿಶ್ವವಿದ್ಯಾಲಯದಿಂದ ಪದವಿ ಪಡೆದರು’ ಅಂತ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಆ ಪದವಿಗಾಗಿ ಅವರು ಫೆಡೆರಿಕೊ ಕಫೆ ಅನ್ನುವ ಅರ್ಥಶಾಸ್ತ್ರಜ್ಞರ ಕೈಕೆಳಗೆ ಬರೆದ ಪ್ರಬಂಧದ ವಾದ ಏನು ಗೊತ್ತಾ? ಯುರೋಪಿಗೆ ಒಂದೇ ಕರೆನ್ಸಿ ಆಗ ಹೊಂದುವುದಿಲ್ಲ ಅಂತ. ಒಂದೇ ಕರೆನ್ಸಿ ಬೇಡ ಎಂದು ವಾದಿಸಿದ ಹುಡುಗ ನಾಲ್ಕು ದಶಕ ಕಳೆದ ಮೇಲೆ ಅದೇ ಕರೆನ್ಸಿಯನ್ನು ಹಿಡಿದು ನಿಲ್ಲಿಸುವ ಕುರ್ಚಿಯಲ್ಲಿ ಕೂತ. ಇಂಥದ್ದು ಕೈಗೆ ಸಿಕ್ಕಾಗ ಯಾರಾದರೂ ಬಿಡ್ತಾರಾ?

1992 ಕೂಡ ಹಾಗೇ ಜಾರಿಹೋಗಿದೆ. ದ್ರಾಗಿ ಆಗ ಇಟಲಿ ಖಜಾನೆಯ ಮಹಾನಿರ್ದೇಶಕ. ಯುರೋಪಿನ ದೇಶಗಳು ತಮ್ಮ ಕರೆನ್ಸಿಗಳ ವಿನಿಮಯ ದರವನ್ನು ಒಂದಕ್ಕೊಂದು ಕಟ್ಟಿಹಾಕಿದ್ದ ಕಾಲ. ಆ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆ ಇಟಲಿಯ ಲಿರಾ ಮೇಲೂ ಪೌಂಡ್ ಮೇಲೂ ತಿರುಗಿಬಿತ್ತು. ಎರಡೂ ಆ ಕಟ್ಟಿನಿಂದ ಹೊರಬಿದ್ದವು. ದೇಶದ ಮಾತನ್ನು ಮಾರುಕಟ್ಟೆ ನಂಬದೇ ಹೋದರೆ ಏನಾಗುತ್ತದೆ ಎಂದು ದ್ರಾಗಿ ಸೋತ ಕಡೆಯಲ್ಲಿ ನಿಂತು ನೋಡಿದ್ದು ಆಗ. ಯೂರೋ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಎಂದು ಇಪ್ಪತ್ತು ವರ್ಷದ ನಂತರ ಅವರು ಲಂಡನ್‌ನಲ್ಲಿ ಮಾಡಿದ ಭಾಷಣವನ್ನು ಇದರ ಪಕ್ಕದಲ್ಲಿಟ್ಟು ಬರೆದು ನೋಡಿ, ಲೇಖನದ ಬೆನ್ನುಮೂಳೆ ತಾನಾಗಿ ನಿಲ್ಲುತ್ತದೆ.

ಈಗ ಆ ಭಾಷಣಕ್ಕೇ ಬರೋಣ. ನೀವು ಬರೆದಿರುವುದು ಪವಾಡದ ಕತೆ. ದ್ರಾಗಿ ಒಂದು ಮಾತು ಹೇಳಿದರು, ಯೂರೋ ಉಳಿಯಿತು, ಶುಭಂ. ಯಾವುದರಿಂದ ಉಳಿಯಿತು ಅನ್ನೋದು ಎಲ್ಲೂ ಇಲ್ಲ. 2012ರ ಜುಲೈ ಕೊನೆಯಲ್ಲಿ ಸ್ಪೇನ್ ಹತ್ತು ವರ್ಷಕ್ಕೆ ಸಾಲ ಎತ್ತಬೇಕಾದರೆ ಮಾರುಕಟ್ಟೆ ಕೇಳುತ್ತಿದ್ದ ಬಡ್ಡಿ ಶೇ 7.5 ದಾಟಿತ್ತು. ಸ್ಪೇನಿಗೆ ತನ್ನದೇ ನೋಟು ಅಚ್ಚು ಹಾಕುವ ಅಧಿಕಾರ ಇಲ್ಲ. ಸಾಲ ಕೊಟ್ಟವರಿಗೆ ಭಯ: ನಾಳೆ ಈ ದೇಶ ಯೂರೋ ಬಿಟ್ಟು ಹಳೇ ಪೆಸೆಟಾಗೆ ಹೋದರೆ ನಮ್ಮ ದುಡ್ಡು ಅರ್ಧ ಆಗುತ್ತಲ್ಲ? ಆ ಭಯಕ್ಕೆ ಜಾಸ್ತಿ ಬಡ್ಡಿ. ಜಾಸ್ತಿ ಬಡ್ಡಿಯಿಂದ ಸಾಲದ ಹೊರೆ ಇನ್ನೂ ಭಾರ. ಹೊರೆ ಭಾರವಾದಷ್ಟೂ ಭಯ ಜಾಸ್ತಿ. ನಮ್ಮೂರ ಸಹಕಾರಿ ಬ್ಯಾಂಕ್ ಮುಳುಗುತ್ತಂತೆ ಎಂದು ಬೆಳಿಗ್ಗೆ ಸುದ್ದಿ ಹಬ್ಬಿ, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಠೇವಣಿ ತೆಗೆಯಲು ಸಾಲು ನಿಂತು, ಸಂಜೆಗೆ ಅದು ನಿಜಕ್ಕೂ ಮುಳುಗುತ್ತಲ್ಲ, ಅದೇ ಲೆಕ್ಕ. ಇದನ್ನು ಹೇಳದೆ ದ್ರಾಗಿ ಏನು ಮಾಡಿದರು ಎಂದು ಯಾರಿಗೂ ಅರ್ಥ ಆಗುವುದಿಲ್ಲ.

ಜುಲೈ 26, ಲಂಡನ್‌ನ ಲ್ಯಾಂಕಾಸ್ಟರ್ ಹೌಸ್. ಮಾರನೇ ದಿನ ಲಂಡನ್ ಒಲಿಂಪಿಕ್ಸ್ ಉದ್ಘಾಟನೆ. ಹೂಡಿಕೆದಾರರ ಸಭೆ. ಯೂರೋ ಅಂದರೆ ದುಂಬಿಯ ಹಾಗೆ, ಹಾರಲೇಬಾರದು, ಆದರೂ ಹಾರುತ್ತಿತ್ತು ಎಂದು ದ್ರಾಗಿ ಮಾತು ಶುರು ಮಾಡುತ್ತಾರೆ. ಆಮೇಲೆ ಆ ಪ್ರಸಿದ್ಧ ಸಾಲು ಬರುತ್ತದೆ. ಯೂರೋ ಉಳಿಸಲು ಏನು ಬೇಕಾದರೂ ಮಾಡಲು ಸಿದ್ಧ, ನಂಬಿ, ಅಷ್ಟು ಸಾಕಾಗುತ್ತದೆ. ನೀವು ಇಷ್ಟನ್ನೇ ಎತ್ತಿಕೊಂಡಿದ್ದೀರಿ. ಆದರೆ ಆ ಸಾಲು ಶುರುವಾಗೋದು ‘ನಮ್ಮ ಅಧಿಕಾರದ ಮಿತಿಯೊಳಗೆ’ ಎಂದು. ನೀವು ಕತ್ತರಿ ಹಾಕಿದ ಈ ತುಂಡೇ ಮುಂದಿನ ಜಗಳಕ್ಕೆಲ್ಲ ಮೂಲ. ಯಾಕೆಂದರೆ ಸರ್ಕಾರಗಳಿಗೆ ನೇರವಾಗಿ ದುಡ್ಡು ಒದಗಿಸಬಾರದು ಎಂದು ಯುರೋಪಿನ ಒಪ್ಪಂದವೇ ಹೇಳುತ್ತದೆ. ದ್ರಾಗಿ ವಾದ ಹೀಗಿತ್ತು: ನಾವು ಫ್ರಾಂಕ್‌ಫರ್ಟ್‌ನಲ್ಲಿ ಬಡ್ಡಿ ಇಳಿಸಿದರೂ ಯೂರೋ ಒಡೆಯುತ್ತದೆ ಅನ್ನುವ ಭಯದಿಂದ ಮ್ಯಾಡ್ರಿಡ್‌ನಲ್ಲಿ ಸಾಲ ಅಗ್ಗ ಆಗುತ್ತಿಲ್ಲ, ಹಾಗಿದ್ದ ಮೇಲೆ ಆ ಭಯ ಓಡಿಸೋದೂ ನಮ್ಮ ಕೆಲಸವೇ.

ಸೆಪ್ಟೆಂಬರ್ 6ರಂದು ಆ ಮಾತಿಗೆ ಒಂದು ಯೋಜನೆಯ ರೂಪ ಬಂತು. ಒಂದರಿಂದ ಮೂರು ವರ್ಷ ಅವಧಿಯ ಸರ್ಕಾರಿ ಬಾಂಡ್‌ಗಳನ್ನು, ಅಂದರೆ ಸರ್ಕಾರದ ಸಾಲಪತ್ರಗಳನ್ನು, ಮಾರುಕಟ್ಟೆಯಿಂದ ಕೊಳ್ಳುತ್ತೇವೆ, ಮೊತ್ತಕ್ಕೆ ಮೊದಲೇ ಮಿತಿ ಹಾಕಿಕೊಳ್ಳುವುದಿಲ್ಲ, ಆದರೆ ಆ ದೇಶ ಮೊದಲು ಬಿಕ್ಕಟ್ಟಿಗೆ ಸಿಕ್ಕ ದೇಶಗಳಿಗೆ ನೆರವು ಕೊಡುವ ಯುರೋಪಿನ ನಿಧಿಯ ಷರತ್ತುಗಳಿಗೆ ಒಪ್ಪಿರಬೇಕು. ಇಲ್ಲಿಯವರೆಗೆ ಆ ಯೋಜನೆಯಡಿ ಒಂದೇ ಒಂದು ಯೂರೋ ಖರ್ಚಾಗಿಲ್ಲ. ಆದರೂ ಸ್ಪೇನ್, ಇಟಲಿಯ ಬಡ್ಡಿ ಇಳಿಯಿತು. ಇದು ನಿಮ್ಮ ಲೇಖನದ ನಡುಮಧ್ಯದಲ್ಲಿ ಇರಬೇಕಾದ ಸಂಗತಿ. ನನ್ನ ಹತ್ತಿರ ಬಂದ ಪ್ರತಿಯಲ್ಲಿ ಅದು ಆವರಣದೊಳಗೆ ಕೂತಿದೆ.

‘ಧೀರ’ ಅನ್ನೋದನ್ನು ಶೀರ್ಷಿಕೆಯಿಂದ ತೆಗೆದುಬಿಡಿ. ಅವರಿಗೆ ಧೈರ್ಯ ಇರಲಿಲ್ಲ ಅಂತಲ್ಲ. ಒಬ್ಬರೇ ಮಾಡಿದ ಕೆಲಸ ಅಲ್ಲ ಇದು. ಭಾಷಣಕ್ಕೆ ಒಂದು ತಿಂಗಳ ಹಿಂದಷ್ಟೇ ಯುರೋಪಿನ ನಾಯಕರು ಬ್ಯಾಂಕುಗಳಿಗೆಲ್ಲ ಒಂದೇ ಉಸ್ತುವಾರಿ ತರಲು ಒಪ್ಪಿದ್ದರು. ಭಾಷಣದ ಮಾರನೇ ದಿನ ಜರ್ಮನಿಯ ಚಾನ್ಸಲರ್ ಮರ್ಕೆಲ್ ಮತ್ತು ಫ್ರಾನ್ಸ್ ಅಧ್ಯಕ್ಷ ಒಲಾಂದ್ ಸೇರಿ ಯೂರೋ ಉಳಿಸುತ್ತೇವೆ ಎಂದು ಹೇಳಿಕೆ ಕೊಟ್ಟರು. ಬರ್ಲಿನ್ ಸಾರಾಸಗಟಾಗಿ ಬೇಡ ಅಂದಿದ್ದರೆ ಆ ಮಾತು ಎಷ್ಟು ದಿನ ನಿಲ್ಲುತ್ತಿತ್ತೋ ನೋಡಬೇಕಿತ್ತು.

ಇನ್ನು ಯೆನ್ಸ್ ವೈಡ್‌ಮನ್. ಜರ್ಮನಿಯ ಕೇಂದ್ರ ಬ್ಯಾಂಕ್ ಬುಂಡೆಸ್‌ಬ್ಯಾಂಕಿನ ಆಗಿನ ಅಧ್ಯಕ್ಷರನ್ನು ನೀವು ಹೆಚ್ಚೂಕಡಿಮೆ ಖಳನಾಯಕ ಮಾಡಿದ್ದೀರಿ. ಯೋಜನೆಗೆ ವಿರುದ್ಧ ಮತ ಹಾಕಿದವರು ಅವರೊಬ್ಬರೇ, ನಿಜ. ಆದರೆ ಅವರು ಹೇಳಿದ್ದೇನು? ಇದು ಸುತ್ತುದಾರಿಯಲ್ಲಿ ಸರ್ಕಾರಗಳಿಗೆ ನೋಟು ಅಚ್ಚು ಹಾಕಿ ಕೊಟ್ಟ ಹಾಗೆ. ನಷ್ಟ ಆದರೆ ಯಾವ ಸಂಸತ್ತಿನ ಒಪ್ಪಿಗೆಯೂ ಇಲ್ಲದೆ ಬೇರೆ ದೇಶದ ತೆರಿಗೆದಾರನ ತಲೆಗೆ ಬರುತ್ತದೆ. ಇದರಲ್ಲಿ ಹುಚ್ಚುತನ ಏನಿದೆ? ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ತನ್ನ ಇತಿಹಾಸದಲ್ಲೇ ಮೊದಲ ಸಲ ಯುರೋಪಿಯನ್ ನ್ಯಾಯಾಲಯದ ಅಭಿಪ್ರಾಯ ಕೇಳಿದ್ದು ಇದೇ ಯೋಜನೆಯ ಬಗ್ಗೆ, 2014ರಲ್ಲಿ. 2015ರ ಜೂನ್‌ನಲ್ಲಿ ತೀರ್ಪು ಇಸಿಬಿ ಪರ ಬಂತು. ಎದುರಾಳಿಯ ವಾದ ಗಟ್ಟಿಯಾಗಿದ್ದರೆ ತಾನೇ ದ್ರಾಗಿ ಗೆಲುವಿಗೆ ತೂಕ?

ಋಣಾತ್ಮಕ ಬಡ್ಡಿಯ, ಅಂದರೆ ಸೊನ್ನೆಗಿಂತ ಕೆಳಗಿಳಿದ ಬಡ್ಡಿಯ, ಭಾಗದಲ್ಲಿ ಒಂದು ತಪ್ಪು ಇದೆ. ‘ಜನ ಬ್ಯಾಂಕಿನಲ್ಲಿ ದುಡ್ಡಿಟ್ಟು ತಾವೇ ಬಡ್ಡಿ ಕಟ್ಟಬೇಕಾಯಿತು’ ಎಂದು ಬರೆದಿದ್ದೀರಿ. 2014ರ ಜೂನ್‌ನಲ್ಲಿ ಬಂದ ಶೇ -0.10 ದರ ಬ್ಯಾಂಕುಗಳು ಇಸಿಬಿಯಲ್ಲಿ ಇಟ್ಟ ಹಣಕ್ಕೆ. ದುಡ್ಡನ್ನು ಅಲ್ಲಿ ಸುಮ್ನೆ ಕೂರಿಸದೆ ಸಾಲ ಕೊಡಿ ಅನ್ನೋ ಒತ್ತಡ ಅದು. ಸಾಮಾನ್ಯ ಉಳಿತಾಯಗಾರನಿಗೆ ಬಡ್ಡಿ ಸೊನ್ನೆ ಹತ್ತಿರ ಬಂತು, ಅವನ ಸಿಟ್ಟು ಅದಕ್ಕೆ. ಅದೇ ತಿಂಗಳು ನಮ್ಮ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ 8 ಇತ್ತು. ಎಫ್‌ಡಿ ಬಡ್ಡಿ ನೋಡಿ ಬೆಳೆದ ನಮ್ಮ ಓದುಗರಿಗೆ ಈ ಒಂದು ಹೋಲಿಕೆ ಸಾಕು. 2015ರ ಮಾರ್ಚ್‌ನಿಂದ ತಿಂಗಳಿಗೆ 6,000 ಕೋಟಿ ಯೂರೋ ಬಾಂಡ್ ಖರೀದಿ ಶುರುವಾಗಿದ್ದನ್ನು ಬರೆದಿದ್ದೀರಿ, ಒಳ್ಳೆಯದು. ಹಣದುಬ್ಬರವನ್ನು ಶೇ 2ರ ಹತ್ತಿರ ತರುವ ಗುರಿ ಅವರ ಅವಧಿಯಲ್ಲಿ ಬಹುಪಾಲು ಕೈಗೂಡಲಿಲ್ಲ ಅನ್ನೋದನ್ನೂ ಬರೆಯಿರಿ. ಎಂಟು ವರ್ಷದಲ್ಲಿ ಒಮ್ಮೆಯೂ ಬಡ್ಡಿ ಏರಿಸದೆ ಇಳಿದುಹೋದ ಅಧ್ಯಕ್ಷ ಅವರು.

ಗ್ರೀಸ್ ನಿಮ್ಮಲ್ಲಿ ಒಂದೇ ಸಾಲು. ಸಾಲದು. 2015ರ ಜೂನ್ ಕೊನೆಗೆ ಸಾಲ ಕೊಟ್ಟವರ ಷರತ್ತು ಒಪ್ಪಬೇಕೇ ಎಂದು ಅಥೆನ್ಸ್ ಸರ್ಕಾರ ಜನಮತಗಣನೆ ಘೋಷಿಸಿತು. ನೆರವಿನ ಕಾರ್ಯಕ್ರಮದ ಅವಧಿಯೂ ಮುಗಿಯುತ್ತಿತ್ತು. ಗ್ರೀಕ್ ಬ್ಯಾಂಕುಗಳಿಗೆ ಕೊಡುತ್ತಿದ್ದ ತುರ್ತು ಹಣದ ಮಿತಿಯನ್ನು ಇಸಿಬಿ ಆಗ ಏರಿಸಲಿಲ್ಲ. ಬ್ಯಾಂಕುಗಳು ಬಾಗಿಲು ಹಾಕಿದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ. ನಿಯಮ ಹಾಗಿತ್ತು ಅನ್ನುವವರಿದ್ದಾರೆ, ಚುನಾಯಿತ ಸರ್ಕಾರದ ಕತ್ತು ಹಿಸುಕಿದರು ಅನ್ನುವವರೂ ಇದ್ದಾರೆ. ನೀವು ಯಾವ ಕಡೆ ಬೇಕಾದರೂ ನಿಲ್ಲಿ, ನನ್ನ ಅಭ್ಯಂತರ ಇಲ್ಲ. ಆದರೆ ದಾಟಿಕೊಂಡು ಹೋಗಬೇಡಿ.

ಗೋಲ್ಡ್‌ಮನ್ ಸ್ಯಾಕ್ಸ್ ಪ್ಯಾರಾವನ್ನು ಮಾತ್ರ ಪೂರ್ತಿ ಕಿತ್ತುಹಾಕಿದ್ದೇನೆ. ಗ್ರೀಸ್‌ನ ಸಾಲ ಮರೆಮಾಚಲು ಆ ದೇಶದ ಜೊತೆ ಗೋಲ್ಡ್‌ಮನ್ ಮಾಡಿಕೊಂಡ ಒಪ್ಪಂದದ ಹಿಂದೆ ದ್ರಾಗಿಯೇ ಇದ್ದರು ಎಂದು ಸೂಚಿಸಿದ್ದೀರಿ. ಒಪ್ಪಂದ ಆಗಿದ್ದು 2001ರಲ್ಲಿ. ಅವರು ಆ ಕಂಪನಿ ಸೇರಿದ್ದು 2002ರಲ್ಲಿ. ತನಗೂ ಅದಕ್ಕೂ ಸಂಬಂಧ ಇಲ್ಲ ಎಂದು ಯುರೋಪಿಯನ್ ಸಂಸತ್ತಿನ ಮುಂದೆ ಹೇಳಿದ್ದಾರೆ ಕೂಡ. ಟೀಕೆಯೇ ಬೇಕಿದ್ದರೆ ದಾಖಲೆಯಲ್ಲಿ ಇರೋದನ್ನು ಕೇಳಿ. ಅವರು ಬ್ಯಾಂಕ್ ಆಫ್ ಇಟಲಿಯ ಗವರ್ನರ್ ಆಗಿದ್ದಾಗ, 2008ರಲ್ಲಿ, ಸಿಯೆನಾದ ಮೊಂಟೆ ದೈ ಪಾಸ್ಕಿ ಬ್ಯಾಂಕ್ ಸುಮಾರು 900 ಕೋಟಿ ಯೂರೋ ಕೊಟ್ಟು ಆಂಟೊನ್‌ವೆನೆಟಾ ಬ್ಯಾಂಕ್ ಕೊಳ್ಳಲು ಒಪ್ಪಿಗೆ ಸಿಕ್ಕಿತು. ಆ ಖರೀದಿಯ ಭಾರದಿಂದ ಮೊಂಟೆ ದೈ ಪಾಸ್ಕಿ ವರ್ಷಗಟ್ಟಲೆ ಚೇತರಿಸಿಕೊಳ್ಳಲಿಲ್ಲ. 2017ರಲ್ಲಿ ಸರ್ಕಾರವೇ ದುಡ್ಡು ಹಾಕಿ ಎತ್ತಬೇಕಾಯಿತು. ಉಸ್ತುವಾರಿ ಮಾಡುವವರು ಏನು ನೋಡಿ ಒಪ್ಪಿದರು ಅನ್ನೋದು ಇಟಲಿಯಲ್ಲಿ ಇವತ್ತಿಗೂ ಕೇಳುವ ಪ್ರಶ್ನೆ.

ದ್ರಾಗಿ ಇಟಲಿಯ ಪ್ರಧಾನಿಯಾಗಿದ್ದ ಕಾಲ, 2021ರ ಫೆಬ್ರವರಿಯಿಂದ 2022ರ ಅಕ್ಟೋಬರ್‌ವರೆಗೆ, ಒಂದು ಪ್ಯಾರಾಕ್ಕೆ ಇಳಿಸಿ. ಅದು ಬೇರೆಯದೇ ಕತೆ, ಇಲ್ಲಿ ತುರುಕಿದರೆ ಎರಡೂ ಕೆಡುತ್ತವೆ. ಆ ಜಾಗದಲ್ಲಿ ಜರ್ಮನಿಯ ‘ಬಿಲ್ಟ್’ ಪತ್ರಿಕೆಯ ಪ್ರಸಂಗ ತನ್ನಿ. 2012ರಲ್ಲಿ ಅವರನ್ನು ಮೆಚ್ಚಿ 1871ರ ಕಾಲದ ಪ್ರಷ್ಯನ್ (ಹಳೇ ಜರ್ಮನ್) ಸೈನಿಕ ಹೆಲ್ಮೆಟ್ ಕಾಣಿಕೆ ಕೊಟ್ಟ ಪತ್ರಿಕೆ ಅದು. 2019ರಲ್ಲಿ ಅದೇ ಪತ್ರಿಕೆ ಅವರನ್ನು ಉಳಿತಾಯಗಾರರ ರಕ್ತ ಹೀರುವ ಡ್ರಾಕುಲಾ ಮಾಡಿ ಚಿತ್ರ ಹಾಕಿತು. ಜರ್ಮನಿಯ ಮನಸ್ಸು ಹೇಗೆ ತಿರುಗಿತು ಎಂದು ನಿಮ್ಮ ನಾಲ್ಕು ಪ್ಯಾರಾ ಹೇಳದ್ದನ್ನು ಇದು ಹೇಳುತ್ತದೆ.

ತಿದ್ದುವಾಗ ಲಂಡನ್‌ನಿಂದ ಶುರು ಮಾಡಿ, ಅಲ್ಲಿಂದ 1992ಕ್ಕೂ 1970ಕ್ಕೂ ಹಿಂದೆ ಹೋಗಿ. ಹುದ್ದೆಗಳ ಪಟ್ಟಿ ಬೇಕೇ ಬೇಕು ಅನ್ನಿಸಿದರೆ ಪಕ್ಕದಲ್ಲಿ ಚಿಕ್ಕ ಬಾಕ್ಸ್ ಮಾಡೋಣ. ಒಂದೂವರೆ ಸಾವಿರ ಪದ ದಾಟಬೇಡಿ. ಅಂದ ಹಾಗೆ, ಇಸಿಬಿ ಅವಧಿ 2020ರಲ್ಲಿ ಮುಗಿಯಿತು ಎಂದು ಎರಡು ಕಡೆ ಬರೆದಿದ್ದೀರಿ. ಮುಗಿದಿದ್ದು 2019ರ ಅಕ್ಟೋಬರ್ 31ಕ್ಕೆ. ಎರಡೂ ಕಡೆ ಸರಿಮಾಡಿ ಕಳಿಸಿ.