ಓದುಗರ ಪ್ರಶ್ನೆ: ಮತ ಬಿದ್ದಷ್ಟು ಪಾಲು ಕೊಟ್ಟರೆ?

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ರಾಜ್ಯದ ಅರ್ಧ ಜನ ಬೇರೆಯವರಿಗೆ ಮತ ಹಾಕಿದ್ದರೂ, ರಾಜ್ಯದ ಪರವಾಗಿ ಅಧ್ಯಕ್ಷರನ್ನು ಆರಿಸುವ ಅಲ್ಲಿನ ಎಲೆಕ್ಟರ್‌ಗಳೆಲ್ಲ ಗೆದ್ದವರ ಪಾಲಾಗುತ್ತಾರಂತೆ. ಬಿದ್ದ ಮತಕ್ಕೆ ತಕ್ಕಂತೆ ಹಂಚಲು ಬರುವುದಿಲ್ಲವೇ?
(ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ)

ಉತ್ತರ: ಬರುತ್ತದೆ. ಎಲೆಕ್ಟರ್‌ಗಳ ನೇಮಕ ಹೇಗಿರಬೇಕೆಂಬುದನ್ನು ಅಲ್ಲಿನ ಸಂವಿಧಾನ ಆಯಾ ರಾಜ್ಯದ ಶಾಸನಸಭೆಗೇ ಬಿಟ್ಟಿದೆ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಬೇರೆ ದಾರಿ ಹಿಡಿದಿವೆ. ಆದರೆ ಅವೂ ಮತದ ಪ್ರಮಾಣ ನೋಡುವುದಿಲ್ಲ, ಕಾಂಗ್ರೆಸ್ (ಅಲ್ಲಿನ ಸಂಸತ್ತು) ಕ್ಷೇತ್ರಕ್ಕೊಂದರಂತೆ ಕೊಟ್ಟು ಉಳಿದ ಎರಡನ್ನು ಇಡೀ ರಾಜ್ಯದಲ್ಲಿ ಮುಂದಿರುವವರಿಗೆ ಕೊಡುತ್ತವೆ.

ನಿಮ್ಮ ಲೋಕಸಭಾ ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರಗಳಿವೆಯಲ್ಲ, ಒಟ್ಟು ಮತದಲ್ಲಿ ಮುಂದಿದ್ದ ಪಕ್ಷಕ್ಕೆ ಜಗಳೂರಿನಿಂದ ಹೊನ್ನಾಳಿವರೆಗೆ ಎಂಟನ್ನೂ ಬರೆದುಕೊಟ್ಟರೆ ಅದು ಅಮೆರಿಕದ ಉಳಿದ 48 ರಾಜ್ಯಗಳ ಪದ್ಧತಿ. ಶೇ 50 ಮತಕ್ಕೆ 4 ಸೀಟು ಎಂದರೆ ನೀವು ಕೇಳುತ್ತಿರುವುದು.

ತೊಡಕಿರುವುದು ಚಿಲ್ಲರೆಯಲ್ಲಿ. 10 ಎಲೆಕ್ಟರ್‌ಗಳ ರಾಜ್ಯದಲ್ಲಿ ಮೂವರಿಗೆ ಶೇ 46, 45.5, 8.5 ಮತ ಬಂತೆನ್ನಿ. ಪಾಲು 4.6, 4.55, 0.85. ಅರ್ಧ ದಾಟಿದ್ದನ್ನು ಒಂದೆಂದು ಹಿಡಿದರೆ 5, 5, 1. ಹತ್ತಿದ್ದದ್ದು ಹನ್ನೊಂದಾಯಿತು! ಅದಕ್ಕೇ ಮೊದಲು ಪೂರ್ಣಾಂಕ ಮಾತ್ರ ಕೊಡಬೇಕು: 4, 4, 0. ಉಳಿದ ಎರಡನ್ನು ಶೇಷ ದೊಡ್ಡದಿದ್ದವರಿಗೆ, ಅಂದರೆ 0.85 ಮತ್ತು 0.6 ಇದ್ದವರಿಗೆ ಕೊಟ್ಟರೆ 5, 4, 1. ಯಾವ ಕ್ರಮವೆಂಬುದನ್ನು ಕಾಯ್ದೆಯಲ್ಲಿ ಮೊದಲೇ ಬರೆದಿಡದಿದ್ದರೆ ಎಣಿಕೆಯ ಮರುದಿನವೇ ಕೋರ್ಟು.

2016ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಟ್ರಂಪ್‌ಗೆ ಶೇ 47.22, ಹಿಲರಿ ಕ್ಲಿಂಟನ್‌ಗೆ 46.45. ಅಂತರ 22,748 ಮತ. ಹತ್ತೂ ಎಲೆಕ್ಟರ್ ಟ್ರಂಪ್‌ಗೆ ಹೋದವು. ಶೇಷದ ಕ್ರಮದಲ್ಲಿ 5-5 ಆಗುತ್ತಿತ್ತು.

ಪ್ರಶ್ನೆ: ಇಷ್ಟು ನ್ಯಾಯವಾಗಿದ್ದರೆ ಯಾವ ರಾಜ್ಯವೂ ಏಕೆ ಒಪ್ಪಿಲ್ಲ?
(ಓದುಗರೊಬ್ಬರು, ಚಳ್ಳಕೆರೆ)

ಉತ್ತರ: ಒಂಟಿಯಾಗಿ ಮಾಡಿದವರಿಗೆ ನಷ್ಟ. ಕೊಲರಾಡೊ 2004ರಲ್ಲಿ ಇದನ್ನು ಜನರ ಮುಂದಿಟ್ಟಿತು, ಸೋತಿತು. ಅಲ್ಲಿನ 9 ಎಲೆಕ್ಟರ್‌ಗಳು ಆ ವರ್ಷ ಬುಷ್‌ಗೆ ಹೋದವು. ಹಂಚಿದ್ದರೆ 5-4. ಒಂದೇ ಒಂದರ ಮುನ್ನಡೆಗಾಗಿ ಯಾವ ಅಭ್ಯರ್ಥಿ ಆ ಊರಿಗೆ ವಿಮಾನ ಹತ್ತುತ್ತಾನೆ? ಇನ್ನು ದೊಡ್ಡ ರಾಜ್ಯ. ಕ್ಯಾಲಿಫೋರ್ನಿಯಾದ 54 ಎಲೆಕ್ಟರ್‌ಗಳನ್ನು ಆಳುವ ಪಕ್ಷ ತಾನಾಗಿ ಹಂಚಿದರೆ, ಎದುರು ಪಕ್ಷದ ಹಿಡಿತದಲ್ಲಿರುವ ಟೆಕ್ಸಾಸ್ ತನ್ನ 40ನ್ನು ಗಟ್ಟಿ ಹಿಡಿದು ನಗುತ್ತದೆ.

ಪುಟ್ಟ ರಾಜ್ಯಗಳಲ್ಲಿ ಲೆಕ್ಕ ಇನ್ನೂ ವಿಚಿತ್ರ. ಇಬ್ಬರೇ ಕಣದಲ್ಲಿದ್ದು 4 ಎಲೆಕ್ಟರ್ ಇದ್ದರೆ, ಶೇ 62.5 ದಾಟುವವರೆಗೂ 2-2. ಮೂರೇ ಇದ್ದರೆ ಶೇ 51ಕ್ಕೂ 80ಕ್ಕೂ ಅದೇ 2-1.

ಎಲ್ಲ ರಾಜ್ಯಗಳೂ ಒಟ್ಟಿಗೆ ಮಾಡಿದರೆ? ಆಗ ದೇಶದ ಒಟ್ಟು 538 ಎಲೆಕ್ಟರ್‌ಗಳಲ್ಲಿ ಗೆಲ್ಲಲು ಬೇಕಾದ 270 ಯಾರಿಗೂ ಸಿಗದೆ ಹೋಗಬಹುದು. 1992ರಲ್ಲಿ ಪಕ್ಷೇತರ ಅಭ್ಯರ್ಥಿ ರಾಸ್ ಪೆರೋಗೆ ಸುಮಾರು ಶೇ 19 ಮತ ಬಂದರೂ ಎಲೆಕ್ಟರ್ ಸೊನ್ನೆ, ಶೇ 43 ಪಡೆದ ಬಿಲ್ ಕ್ಲಿಂಟನ್‌ಗೆ 370. ಹಂಚಿದ್ದರೆ ಕ್ಲಿಂಟನ್ 230ರ ಆಸುಪಾಸು ನಿಲ್ಲುತ್ತಿದ್ದರು. ಬಹುಮತ ಬರದಿದ್ದರೆ ಆಯ್ಕೆ ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಗೆ ಹೋಗುತ್ತದೆ. ಅಲ್ಲಿ ದೊಡ್ಡದೋ ಚಿಕ್ಕದೋ, ರಾಜ್ಯಕ್ಕೊಂದೇ ಮತ. ನ್ಯಾಯ ಹುಡುಕಿಕೊಂಡು ಹೊರಟವರು ಅದಕ್ಕಿಂತ ದೊಡ್ಡ ಅನ್ಯಾಯಕ್ಕೆ ಬಂದು ನಿಲ್ಲುವ ಜಾಗ ಇದು.

ಪ್ರಶ್ನೆ: ನಮ್ಮ ರಾಷ್ಟ್ರಪತಿ ಚುನಾವಣೆಯೂ ‘ಅನುಪಾತ ಪ್ರಾತಿನಿಧ್ಯ’ ಅನ್ನುತ್ತಾರೆ. ಎರಡೂ ಒಂದೇ ತಾನೇ?
(ಓದುಗರೊಬ್ಬರು, ಹಿರಿಯೂರು)

ಉತ್ತರ: ಅಲ್ಲ. ಒಂದೇ ಹುದ್ದೆಯನ್ನು ಪಾಲು ಮಾಡುವುದೆಲ್ಲಿ ಬಂತು? ಇಲ್ಲಿ ಶಾಸಕರು, ಸಂಸದರು ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ತೆಗೆದು ಅವರ ಮತವನ್ನು ಮುಂದಿನ ಪ್ರಾಶಸ್ತ್ಯಕ್ಕೆ ಸೇರಿಸುತ್ತಾರೆ. ರಾಜ್ಯವಾರು ಗೆಲುವು ಎಂಬುದೇ ಇಲ್ಲ, ಪ್ರತಿ ಶಾಸಕರ ಮತವೂ ನೇರ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಅದರ ಮೌಲ್ಯ ಇಂದಿಗೂ 1971ರ ಜನಗಣತಿಯ ಮೇಲೆಯೇ ನಿಂತಿದೆ. ಆಗಿನ ಕರ್ನಾಟಕದ 2,92,99,014 ಜನರನ್ನು 224 ಶಾಸಕರಿಗೆ ಭಾಗಿಸಿ, ಮತ್ತೆ ಸಾವಿರದಿಂದ ಭಾಗಿಸಿದರೆ 131. ನಿಮ್ಮ ಚಿತ್ರದುರ್ಗ ಜಿಲ್ಲೆಯ 6 ಶಾಸಕರದು ಸೇರಿ 786.