ಮೇಲಿನ ಸಾಲು ನೋಡಿ ತಿದ್ದಬೇಕು

ಕಾಸರಗೋಡಿನ ಬೇಳದ ಕಡೆಯಿಂದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಬರೆದಿದ್ದಾರೆ. ಪತ್ರದ ತಿರುಳು ಇಷ್ಟು: "ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಇಗರ್ಜಿಯ ಪ್ರತಿ ಪ್ರಸಂಗದಲ್ಲೂ ಯೇಸುಸ್ವಾಮಿಯ ಹಾಗೆ ಬಾಳಿ ಎನ್ನುತ್ತಾರೆ. ಅವರು ದೇವಪುತ್ರ. ಅವರಿಗೆ ಹೆಂಡತಿ ಮಕ್ಕಳಿರಲಿಲ್ಲ, ಬ್ಯಾಂಕಿನ ಸಾಲವಿರಲಿಲ್ಲ, ಕೊಳೆರೋಗ ಬಂದ ಅಡಿಕೆ ತೋಟವಿರಲಿಲ್ಲ. ನಾವು ಅವರನ್ನು ಅನುಕರಿಸುವುದೆಂದರೆ ಯಕ್ಷಗಾನದ ಆಟದಲ್ಲಿ ರಾಮನ ವೇಷ ಕಟ್ಟಿದ ಹಾಗೆ, ಬೆಳಗಾದರೆ ಬಣ್ಣ ತೊಳೆದುಹೋಗುತ್ತದೆ. ನಂಬಿಕೆಯಿಂದಲೇ ರಕ್ಷಣೆ ಎಂದಮೇಲೆ ಈ ಪ್ರಯಾಸ ಯಾಕೆ?" ಇಂಗ್ಲಿಷ್ ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳಿಗೆ ಈ ಪತ್ರಿಕೆ ಓದಲು ಬರುವುದಿಲ್ಲ ಎಂಬ ಬೇಸರವನ್ನೂ ಕೊನೆಗೆ ಎರಡು ಸಾಲಿನಲ್ಲಿ ಸೇರಿಸಿದ್ದಾರೆ.

ಮಾಸ್ತರರೇ, ನಿಮ್ಮ ಮಾತಿಗೆ ದೊಡ್ಡವರ ಬೆಂಬಲ ಇಲ್ಲದಿಲ್ಲ. ಕ್ರಿಸ್ತರನ್ನು ಮೊದಲು ಕೊಡುಗೆಯಾಗಿ ಸ್ವೀಕರಿಸಬೇಕು, ಮಾದರಿಯಾಗಿ ನೋಡುವುದು ಆಮೇಲೆ ಎಂದು ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 500 ವರ್ಷಗಳ ಹಿಂದೆ ಬರೆದರು. ಸ್ವಂತ ಸಾಧನೆಯಿಂದ ಸ್ವರ್ಗ ಗಳಿಸಹೊರಟವನಿಗೆ ಆ ಎಚ್ಚರಿಕೆ ಬೇಕೇ ಬೇಕು. ಆದರೆ ಆ ವಾಕ್ಯದ "ಆಮೇಲೆ" ಎಂಬ ಪದವನ್ನು ನೀವು ಬಿಟ್ಟುಬಿಟ್ಟಿದ್ದೀರಿ. ಜೀವಮಾನವಿಡೀ ಮಕ್ಕಳ ವಾಕ್ಯ ತಿದ್ದಿದ ನಿಮ್ಮಂಥವರು ಹೀಗೆ ಪದ ಬಿಡಬಾರದು.

ತಿದ್ದುವ ಮಾತು ಬಂತಲ್ಲ, ಅಲ್ಲಿಂದಲೇ ಹೊರಡೋಣ. ಬೈಬಲಿನಲ್ಲಿ ಪೇತ್ರರ ಮೊದಲ ಪತ್ರದ 2ನೇ ಅಧ್ಯಾಯ, 21ನೇ ವಚನ ತೆಗೆಯಿರಿ. ಕ್ರಿಸ್ತರು ನೋವುಂಡು ನಮಗೆ ಮಾದರಿ ಬಿಟ್ಟುಹೋದರು ಎಂಬಲ್ಲಿ ಗ್ರೀಕಿನ ಮೂಲದಲ್ಲಿರುವ ಪದ "ಹುಪೊಗ್ರಮ್ಮೋಸ್". ಇಡೀ ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಅಲ್ಲೊಂದೇ ಕಡೆ. ಅಕ್ಷರ ಕಲಿಯುವ ಮಕ್ಕಳಿಗೆ ನೋಡಿ ಬರೆಯಲು ಹಾಕಿಕೊಡುವ ಬರಹಕ್ಕೆ ಆ ಹೆಸರು. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಸಾಟಿಯಾದ ಪದವಿದೆ, ಮೇಲ್ಪಂಕ್ತಿ. ಇನ್ನೂ ಚೆಂದದ ಮಾತೆಂದರೆ ನಮ್ಮಲ್ಲಿ ಅಕ್ಷರದ ಮೇಲೆ ಕೈಯಾಡಿಸಿ ಕಲಿಯುವುದಕ್ಕೂ "ತಿದ್ದು" ಎನ್ನುತ್ತೇವೆ, ತಪ್ಪು ಸರಿಪಡಿಸುವುದಕ್ಕೂ "ತಿದ್ದು" ಎನ್ನುತ್ತೇವೆ. ಪೇತ್ರರು ಹೇಳಿದ್ದು ಈ ಕೆಲಸವನ್ನು. ವೇಷಕ್ಕೆ ಬೆಳಗಾಗುವುದರೊಳಗೆ ಮುಗಿಯುವ ಅವಸರವಿದೆ, ಅಕ್ಷರ ಕಲಿಯುವ ಕೈಗೆ ಅದಿಲ್ಲ. ಇವತ್ತು ವಕ್ರ, ನಾಳೆ ಸ್ವಲ್ಪ ಕಡಿಮೆ ವಕ್ರ, ಒಂದು ದಿನ ನೋಡದೆಯೇ ಬರುತ್ತದೆ. ಮೇಲ್ಪಂಕ್ತಿಯಷ್ಟು ದುಂಡಗೆ ಬರೆಯಲಾಗದೆಂದು ಸ್ಲೇಟು ಕೆಳಗಿಟ್ಟ ಹುಡುಗನಿಗೆ ನೀವು ಏನು ಹೇಳುತ್ತಿದ್ದಿರಿ?

ಎಲ್ಲಿ ಕೆಡುತ್ತದೆ ಎಂಬುದೂ ನಿಮಗೆ ಗೊತ್ತು. ಶುದ್ಧಬರಹದ ಪುಟದಲ್ಲಿ ಮಗು ಮೊದಲ ಸಾಲನ್ನು ಮೇಲ್ಪಂಕ್ತಿ ನೋಡಿ ಬರೆಯುತ್ತದೆ. ಎರಡನೆಯದಕ್ಕೆ ಕಣ್ಣು ಹತ್ತಿರದ ಸಾಲಿಗೆ, ತಾನೇ ಬರೆದದ್ದಕ್ಕೆ, ಇಳಿಯುತ್ತದೆ. ಮೂರನೆಯದು ಎರಡನೆಯದರ ನಕಲು. "ಮ" ಬರೆಯಲು ಕೂತ ಮಗು ಹತ್ತನೆಯ ಸಾಲಿಗೆ "ವು" ಬರೆದಿರುತ್ತದೆ, ತಪ್ಪಿದೆ ಎಂದು ಅದಕ್ಕೆ ಅನಿಸುವುದೂ ಇಲ್ಲ. ನಮ್ಮ ಕ್ರೈಸ್ತ ಜೀವನ ಕೆಟ್ಟದ್ದು ಹೀಗೆಯೇ. ಅಪ್ಪ ಮಾಡಿದ್ದನ್ನು ಮಗ, ನೆರೆಯ ಇಗರ್ಜಿಯ ಹಬ್ಬ ನೋಡಿ ನಮ್ಮ ಹಬ್ಬ, ಅವರ ಕ್ರಿಸ್ಮಸ್ ಗೋದಲಿ ನೋಡಿ ನಮ್ಮ ಗೋದಲಿ. ಮೇಲಿನ ಸಾಲಿನ ಕಡೆ ತಲೆ ಎತ್ತಿದವರು ಎಷ್ಟು ಮಂದಿ?

1896ರಲ್ಲಿ ಅಮೆರಿಕದ ಟೊಪೀಕಾದಲ್ಲಿ ಚಾರ್ಲ್ಸ್ ಶೆಲ್ಡನ್ ಎಂಬ ಪಾದ್ರಿ ತಮ್ಮ ಸಭೆಗೆ ಕತೆಯೊಂದನ್ನು ವಾರವಾರ ಓದಿ ಹೇಳಿದರು. "ಯೇಸು ಇದ್ದಿದ್ದರೆ ಏನು ಮಾಡುತ್ತಿದ್ದರು?" ಎಂದು ಕೇಳಿಕೊಳ್ಳದೆ ಒಂದು ವರ್ಷ ಏನನ್ನೂ ಮಾಡಬಾರದೆಂದು ಕತೆಯ ಜನ ಪ್ರತಿಜ್ಞೆ ಮಾಡುತ್ತಾರೆ. ಸುಮಾರು ನೂರು ವರ್ಷದ ಮೇಲೆ ಆ ಪ್ರಶ್ನೆಯ ಇಂಗ್ಲಿಷ್ ಮೊದಲಕ್ಷರಗಳು ಕೈಪಟ್ಟಿಗಳಾಗಿ ಮಾರಾಟವಾದವು. ಒಳ್ಳೆಯ ಉದ್ದೇಶವೇ. ಆದರೆ "ಏನು ಮಾಡುತ್ತಿದ್ದರು" ಎಂದರೆ ಉತ್ತರ ನಮ್ಮ ಊಹೆಯಿಂದ ಬರುತ್ತದೆ, ಊಹೆ ನಮಗೆ ಬೇಕಾದ್ದನ್ನೇ ಹೇಳುತ್ತದೆ. ಕೇಳಬೇಕಾದ್ದು "ಏನು ಮಾಡಿದರು" ಎಂದು. ಅದಕ್ಕೆ ಉತ್ತರ ಬರಹದಲ್ಲಿದೆ.

ಯೋಹಾನರ ಸುವಾರ್ತೆಯ 13ನೇ ಅಧ್ಯಾಯ ನೋಡಿ. ಯೇಸುಸ್ವಾಮಿ ಊಟದಿಂದ ಎದ್ದರು, ಮೇಲುವಸ್ತ್ರ ತೆಗೆದಿಟ್ಟರು, ಬೈರಾಸನ್ನು ಸೊಂಟಕ್ಕೆ ಕಟ್ಟಿಕೊಂಡರು, ಬೋಗುಣಿಗೆ ನೀರು ಹೊಯ್ದರು, ಶಿಷ್ಯರ ಕಾಲು ತೊಳೆದರು, ಕಟ್ಟಿಕೊಂಡ ಅದೇ ಬಟ್ಟೆಯಿಂದ ಒರೆಸಿದರು. ಆರು ಕೆಲಸ. ಇದರ ನೆನಪಿಗೆ ಪವಿತ್ರ ಗುರುವಾರ ಇಗರ್ಜಿಯಲ್ಲಿ ಪಾದ್ರಿಗಳ ಮುಂದೆ ಕಾಲು ಚಾಚುವ ಹನ್ನೆರಡು ಮಂದಿ ಮನೆಯಲ್ಲೇ ಸೋಪು ಹಾಕಿ ತೊಳೆದು ಬಂದಿರುತ್ತಾರೆ. ಅದು ವಿಧಿ, ಇರಲಿ. ತಿದ್ದಬೇಕಾದ್ದು ಮನೆಯಲ್ಲಿ. ಸಕ್ಕರೆ ಕಾಯಿಲೆಯ ಅಪ್ಪನೋ ಅತ್ತೆಯೋ ಇದ್ದರೆ ಬೋಗುಣಿಗೆ ಉಗುರುಬೆಚ್ಚಗಿನ ನೀರು ತನ್ನಿ. ಬಿಸಿಯನ್ನು ನಿಮ್ಮ ಮೊಣಕೈ ಅದ್ದಿ ನೋಡಿ. ಅವರ ಪಾದಕ್ಕೆ ಸ್ಪರ್ಶ ಕಡಿಮೆಯಾಗಿರಬಹುದು, ಸುಟ್ಟರೂ ತಿಳಿಯುವುದಿಲ್ಲ. ಬಹಳ ಹೊತ್ತು ನೆನೆಸಬೇಡಿ, ಚರ್ಮ ಮೆದುವಾಗಿ ಬಿರಿಯುತ್ತದೆ. ಬೆರಳ ಸಂದಿಗಳನ್ನು ಒಂದೊಂದಾಗಿ ಒತ್ತಿ ಒರೆಸಿ; ಪಸೆ ಉಳಿದಲ್ಲಿ ಶಿಲೀಂಧ್ರದ ಸೋಂಕು ಹಿಡಿಯುತ್ತದೆ. ಹಿಮ್ಮಡಿಗೆ ಎಣ್ಣೆ ಹಚ್ಚಬಹುದು, ಸಂದಿಗೆ ಬೇಡ. ಅಂಗಾಲು ಎತ್ತಿ ಬೆಳಕಿಗೆ ಹಿಡಿದು ಗಾಯ, ಗುಳ್ಳೆ, ಕೆಂಪು ಇದೆಯೇ ನೋಡಿ. ಕಂಡರೆ ಅದೇ ದಿನ ವೈದ್ಯರಲ್ಲಿಗೆ. ಇದು ದಿನವೂ ನಡೆಯಬೇಕಾದ ಕೆಲಸ, ಹಿಡಿಯುವುದು ಹತ್ತು ನಿಮಿಷ. ನಮ್ಮ ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು 2000ರಲ್ಲಿ ನಿಂತಿತು. ಆದರೆ ಎದ್ದು ಕೂರಲಾಗದ ಮಕ್ಕಳನ್ನು ಮೀಯಿಸಿ ಒರೆಸುವ ತಾಯಂದಿರ ಕೆಲಸ ನಿಂತಿಲ್ಲ. ಅವರಲ್ಲಿ ಹೆಚ್ಚಿನವರು ನಮ್ಮ ಧರ್ಮದವರಲ್ಲ. ಆರೂ ಕೆಲಸಗಳನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು.

ತೋಟವಿರಲಿಲ್ಲ, ಸಾಲವಿರಲಿಲ್ಲ ಎಂದಿರಿ. ಸುಮಾರು 30 ವರ್ಷದವರೆಗೆ ಯೇಸುಸ್ವಾಮಿ ಊರಿನ ಮರಗೆಲಸದ ಆಚಾರಿಯಾಗಿದ್ದರು, ಬೋಧನೆಗೆ ಸಿಕ್ಕಿದ್ದು ಮೂರು ವರ್ಷದ ಸುಮಾರಿಗೆ. ಅವರು ನೇಗಿಲು, ನೊಗ ಮಾಡುತ್ತಿದ್ದರು ಎಂದು ಎರಡನೇ ಶತಮಾನದ ಕ್ರೈಸ್ತ ಲೇಖಕ ಜಸ್ಟಿನ್ ಬರೆದಿದ್ದಾರೆ. ನೊಗದ ಒಳಮೈ ನಯವಾಗದಿದ್ದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. "ನನ್ನ ನೊಗ ಮೃದು" ಎಂದವರು ಅದನ್ನು ಬಲ್ಲ ಕೈಯವರು. ಸಂಬಳದ ವಿಷಯದಲ್ಲೂ ಬರಹ ಸ್ಪಷ್ಟವಿದೆ: ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವ ಮುಂಚೆ ಕೊಡಬೇಕೆಂದು ಧರ್ಮೋಪದೇಶಕಾಂಡ 24ರಲ್ಲಿದೆ, ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆ ಎಂದು ಯಾಕೋಬರ ಪತ್ರ 5ರಲ್ಲಿದೆ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂದು ತೂಗಿ ಹಾಕುವವರು ನಾವು, ಅಲ್ಲಿ ಕೈಯಂದಾಜು ನಡೆಯದು. ಅದನ್ನು ಹೊತ್ತು ಮರವೇರಿ ಗೊನೆಗೆ ಬಿಡುವವನ ಲೆಕ್ಕವನ್ನು ಮಾತ್ರ "ಶನಿವಾರ ನೋಡುವ" ಎಂದುಬಿಡುತ್ತೇವೆ.

ಒಂದು ಅಪಾಯವನ್ನು ಒತ್ತಿ ಹೇಳಲೇಬೇಕು. ಪೇತ್ರರ ಅದೇ ವಚನವನ್ನು ಹಿಡಿದು, ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಯೇಸುವಿನ ಹಾಗೆ ಸಹಿಸು, ಶಿಲುಬೆ ಹೊರು" ಎಂದು ಬುದ್ಧಿ ಹೇಳುವ ಹಿರಿಯರಿದ್ದಾರೆ. ಅವರು ಮೇಲ್ಪಂಕ್ತಿಯ ಅರ್ಧ ಮಾತ್ರ ಓದಿದ್ದಾರೆ. ಮಹಾಯಾಜಕನ ಎದುರು ಓಲೆಕಾರ ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ಸುಮ್ಮನಿರಲಿಲ್ಲ. ನಾನು ತಪ್ಪಾಡಿದ್ದರೆ ತಪ್ಪೇನೆಂದು ತೋರಿಸು, ಸರಿಯಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದರು, ಯೋಹಾನ 18:23. ನಜರೇತಿನವರು ಗುಡ್ಡದ ಅಂಚಿನಿಂದ ನೂಕಲು ಬಂದಾಗ ಜನರ ನಡುವಿನಿಂದ ಹೊರಟುಹೋದರು, ಲೂಕ 4:30. ಕಲ್ಲೆತ್ತಿದಾಗ ಮರೆಯಾದರು, ಯೋಹಾನ 8:59. ಕೇಳುವುದು, ಹೊರಟುಹೋಗುವುದು, ಅಡಗುವುದು ಇವೂ ಅನುಕರಣೆಯೇ. ಆ ಹೆಣ್ಣುಮಗಳಿಗೆ ಬಾಗಿಲು ತೆರೆದುಕೊಡುವುದು ನಮ್ಮ ಪಾಲಿನ ಅನುಕರಣೆ.

ಈ ಅರ್ಧ ಓದು ಬಂದದ್ದು ಎಲ್ಲಿಂದ? ಓದದೇ ಇರುವುದರಿಂದ. 15ನೇ ಶತಮಾನದಲ್ಲಿ ಥಾಮಸ್ ಕೆಂಪಿಸ್ ಎಂಬ ಸನ್ಯಾಸಿ ಲ್ಯಾಟಿನಿನಲ್ಲಿ ಬರೆದ ಕ್ರಿಸ್ತಾನುಕರಣೆಯ ಪುಸ್ತಕದ ಕೆಲವು ಅಧ್ಯಾಯಗಳನ್ನು 1889ರಲ್ಲಿ ಬಂಗಾಳಿಗೆ ತಂದವರು ವಿವೇಕಾನಂದರು. ಕ್ರಿಸ್ತರ ಕಡೆಯ ದಿನವನ್ನು "ಗೊಲ್ಗೊಥಾ" ಎಂಬ ಖಂಡಕಾವ್ಯವಾಗಿ ಕನ್ನಡಕ್ಕೆ ಕೊಟ್ಟವರು ನಮ್ಮದೇ ಮಂಜೇಶ್ವರದ ಗೋವಿಂದ ಪೈಗಳು. ಕ್ರೈಸ್ತರಲ್ಲದವರು ಅಷ್ಟು ಶ್ರದ್ಧೆಯಿಂದ ಮೇಲಿನ ಸಾಲನ್ನು ನೋಡಿದರು. ಇಲ್ಲಿನ ಕ್ರೈಸ್ತ ಮನೆಗಳಲ್ಲಿ ಆ ಕಾವ್ಯ ಎಷ್ಟು ಕಡೆ ಇದೆ? 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಗಡಿಯಾಚೆ ಕೇರಳಕ್ಕೆ ಬಿತ್ತು. ಅದು ಸರಕಾರದ ಕೆಲಸ. ಮನೆಯೊಳಗೆ ಕನ್ನಡ ನಿಂತುಹೋದದ್ದು ನಮ್ಮ ಕೆಲಸ. ಮಕ್ಕಳಿಗೆ ಕೊಂಕಣಿ ಮಾತಿಗೆ, ಮಲಯಾಳ ಬಸ್ಸಿನ ಬೋರ್ಡಿಗೆ, ಇಂಗ್ಲಿಷ್ ಪರೀಕ್ಷೆಗೆ ಎಂದಾಗಿದೆ. ಅಜ್ಜಿ ಕಣ್ಣೀರಿಟ್ಟು ಓದುತ್ತಿದ್ದ ಸುವಾರ್ತೆ ಯಾವ ಭಾಷೆಯಲ್ಲೂ ಅವರ ಬಾಯಿಗೆ ಬರುತ್ತಿಲ್ಲ. ಹಬ್ಬದ ಪೆಂಡಾಲಿಗೆ ಲಕ್ಷ ಕೂಡಿಸುವ ಸಭೆಗಳು ಭಾನುವಾರ ಒಂದು ಗಂಟೆ ಕನ್ನಡ ಓದಿಸಲು ಒಬ್ಬರನ್ನು ಗೊತ್ತುಮಾಡಲಾರವೇ?

ಆದ್ದರಿಂದ ನಿಮಗೊಂದು ಕೆಲಸ, ಮಾಸ್ತರರೇ. ನಾಲ್ಕು ಸುವಾರ್ತೆಗಳಿಂದ ಒಟ್ಟು 89 ಅಧ್ಯಾಯ. ಚಿಕ್ಕದಾದ ಮಾರ್ಕರಿಂದ ಶುರುಮಾಡಿ, 16 ಅಧ್ಯಾಯ, ದಿನಕ್ಕೊಂದು. ಗಟ್ಟಿಯಾಗಿ ಓದಿ. ಓದಿದ್ದರಲ್ಲಿ ಯೇಸುಸ್ವಾಮಿ ಮಾಡಿದ ಒಂದು ಕ್ರಿಯಾಪದವನ್ನು ಆರಿಸಿ: ಮುಟ್ಟಿದರು, ನಿಂತರು, ಹಂಚಿದರು, ಏಕಾಂತಕ್ಕೆ ಹೋದರು. ಸಂಜೆಯೊಳಗೆ ಅದನ್ನು ಒಮ್ಮೆ ಮಾಡಿ. ಮೊಮ್ಮಕ್ಕಳಿಗೆ ಎರಡು ಸ್ಲೇಟು, ಬಳಪ ತನ್ನಿ. ಆ ಒಂದು ಪದವನ್ನು ಮೇಲೆ ನೀವು ಬರೆಯಿರಿ, ಕೆಳಗೆ ಅವರು ಬರೆಯಲಿ. ಒಂದೊಂದು ಸಾಲು ಮುಗಿದ ಕೂಡಲೇ ಅದನ್ನು ರಟ್ಟಿನ ತುಂಡಿನಿಂದ ಮುಚ್ಚಿ, ಕಣ್ಣು ನೀವು ಬರೆದದ್ದಕ್ಕೇ ಹೋಗುವ ಹಾಗೆ.