ಓದುಗರ ಪ್ರಶ್ನೆ, ನಮ್ಮ ಉತ್ತರ: ಮತ ಎಷ್ಟು, ಸ್ಥಾನ ಎಷ್ಟು?

ಪ್ರಶ್ನೆ: 2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯ ಮತ ಪ್ರಮಾಣ ಹಿಂದಿನ ಸಲಕ್ಕಿಂತ ಸುಮಾರು ಶೇ. 1ರಷ್ಟು ಮಾತ್ರ ಕಡಿಮೆಯಾಯಿತು. ಆದರೂ ಸ್ಥಾನಗಳು 303ರಿಂದ 240ಕ್ಕೆ ಇಳಿದದ್ದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಊರಿನಿಂದಲೇ ಆರಂಭಿಸೋಣ. ದಾವಣಗೆರೆಯಲ್ಲಿ ಕಾಂಗ್ರೆಸ್ಸಿನ ಪ್ರಭಾ ಮಲ್ಲಿಕಾರ್ಜುನ್ ಅವರು ಸುಮಾರು 26 ಸಾವಿರ ಮತಗಳ ಅಂತರದಿಂದ ಗೆದ್ದರೆ, ಉತ್ತರ ಕನ್ನಡದಲ್ಲಿ ಬಿಜೆಪಿಯ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು 3.37 ಲಕ್ಷ ಮತಗಳ ಅಂತರದಿಂದ ಗೆದ್ದರು. ಅಂತರ ಇಷ್ಟು ಬೇರೆಯಾದರೂ ಎರಡೂ ಕಡೆ ಸಿಕ್ಕಿದ್ದು ಒಂದೊಂದೇ ಸ್ಥಾನ. ಉತ್ತರ ಕನ್ನಡದಲ್ಲಿ ಮಿಕ್ಕ ಮತಗಳಲ್ಲಿ ಒಂದು ಹಿಡಿಯನ್ನೂ ದಾವಣಗೆರೆಗೆ ತಂದು ಸುರಿಯುವಂತಿಲ್ಲ. ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ, ಒಟ್ಟು ಎಷ್ಟು ಮತ ಬಿತ್ತು ಎಂಬುದಕ್ಕಿಂತ ಎಲ್ಲಿ ಬಿತ್ತು ಎಂಬುದೇ ಸದನದ ಬಲಾಬಲವನ್ನು ತೀರ್ಮಾನಿಸುತ್ತದೆ.

ಇಡೀ ದೇಶಕ್ಕೂ ಇದೇ ಲೆಕ್ಕ. ಉತ್ತರ ಪ್ರದೇಶದಲ್ಲಿ ಬಿಜೆಪಿಯ ಮತ ಪ್ರಮಾಣ ಸುಮಾರು ಶೇ. 50ರಿಂದ ಶೇ. 41ಕ್ಕೆ ಕುಸಿದಾಗ ಅದರ ಸ್ಥಾನಗಳು 62ರಿಂದ 33ಕ್ಕೆ ಬಂದವು. ಕಾಂಗ್ರೆಸ್ ಜೊತೆ ಕೈಜೋಡಿಸಿದ್ದ ಸಮಾಜವಾದಿ ಪಕ್ಷ 5ರಿಂದ 37ಕ್ಕೆ ಏರಿತು. ಅದೇ ಹೊತ್ತಿಗೆ ತಮಿಳುನಾಡಿನಲ್ಲಿ ಹೆಚ್ಚು ಕ್ಷೇತ್ರಗಳಲ್ಲಿ ಸ್ಪರ್ಧಿಸಿದ ಬಿಜೆಪಿಯ ಮತ ಪ್ರಮಾಣ ಶೇ. 4ಕ್ಕಿಂತ ಕೆಳಗಿದ್ದದ್ದು ಶೇ. 11 ದಾಟಿತು, ಆದರೆ ಒಂದು ಸ್ಥಾನವೂ ಒಲಿಯಲಿಲ್ಲ. ಒಂದು ಕಡೆಯ ನಷ್ಟವನ್ನು ಇನ್ನೊಂದು ಕಡೆಯ ಏರಿಕೆ ಶೇಕಡಾವಾರು ಲೆಕ್ಕದಲ್ಲಿ ಮುಚ್ಚಿತೇ ಹೊರತು ಸ್ಥಾನಗಳ ಲೆಕ್ಕದಲ್ಲಿ ಮುಚ್ಚಲಿಲ್ಲ. ಅದೇ ತಮಿಳುನಾಡಿನಲ್ಲಿ ಅಣ್ಣಾ ಡಿಎಂಕೆಗೆ ಶೇ. 20ರಷ್ಟು ಮತ ಬಂದೂ ಲೋಕಸಭೆಯಲ್ಲಿ ಅದಕ್ಕೆ ಒಬ್ಬ ಸದಸ್ಯರೂ ಇಲ್ಲವಾದರು. ಐವರಲ್ಲಿ ಒಬ್ಬರ ಮತ ಹೀಗೆ ಸದನದ ಹೊರಗೇ ಉಳಿಯುವುದು ಈ ಪದ್ಧತಿಯ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದ ಅಂಕಿಗಳನ್ನು ಮಾತ್ರ ಎಚ್ಚರದಿಂದ ಓದಬೇಕು. ಬಿಜೆಪಿಗೆ ಶೇ. 46.06, ಕಾಂಗ್ರೆಸ್ಸಿಗೆ ಶೇ. 45.43 ಮತ ಬಂದಿದ್ದು, ಸ್ಥಾನಗಳು ಕ್ರಮವಾಗಿ 17 ಮತ್ತು 9. ಕಾಂಗ್ರೆಸ್ 28 ಕ್ಷೇತ್ರಗಳಲ್ಲೂ ಸ್ಪರ್ಧಿಸಿತ್ತು; ಬಿಜೆಪಿ ಮೂರನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟು 25ರಲ್ಲಷ್ಟೇ ನಿಂತಿತ್ತು. ಹಾಗಾಗಿ ಈ ಎರಡು ಪ್ರಮಾಣಗಳನ್ನು ನೇರವಾಗಿ ಹೋಲಿಸಿ, ಶೇ. 0.63ರಷ್ಟು ವ್ಯತ್ಯಾಸಕ್ಕೆ ಎಂಟು ಸ್ಥಾನ ಹೋಯಿತು ಎನ್ನುವುದು ಸರಿಯಲ್ಲ.

ಪ್ರಶ್ನೆ: ಯಾವ ಪಕ್ಷಕ್ಕೂ ಬಹುಮತವಿಲ್ಲದ ಈ ಲೋಕಸಭೆಯಲ್ಲಿ ನಿಜವಾಗಿ ಬದಲಾದದ್ದು ಏನು?
– ಓದುಗರೊಬ್ಬರು, ವಿಜಯಪುರ

ಉತ್ತರ: ಚುನಾಯಿತ ಸ್ಥಾನಗಳು 543, ಬಹುಮತಕ್ಕೆ ಬೇಕಾದದ್ದು 272. ಎನ್‌ಡಿಎ ಕೂಟ 293 ಸ್ಥಾನ ಗೆದ್ದಿತು. ಅದರಲ್ಲಿ ತೆಲುಗು ದೇಶಂ 16, ಸಂಯುಕ್ತ ಜನತಾದಳ 12. ಇವೆರಡೂ ಹೊರನಡೆದರೆ ಉಳಿಯುವುದು 265. ಇಬ್ಬರೇ ಸದಸ್ಯರ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಅವರಿಗೆ ಕೇಂದ್ರ ಸಂಪುಟದಲ್ಲಿ ಸ್ಥಾನ ಸಿಕ್ಕಿದ್ದನ್ನೂ ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕು. ಸಂವಿಧಾನ ತಿದ್ದುಪಡಿಗೆ ಒಟ್ಟು ಸದಸ್ಯರ ಬಹುಮತದ ಜೊತೆಗೆ, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಎಲ್ಲರೂ ಮತ ಹಾಕಿದರೆ ಅದು 362 ಆಗುತ್ತದೆ, ಅಂದರೆ ವಿರೋಧ ಪಕ್ಷಗಳ ಒಂದು ಪಾಲಾದರೂ ಒಪ್ಪದೆ ಆ ಕೆಲಸ ಕಷ್ಟ.

ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಬದಲಾವಣೆ ಎದುರು ಸಾಲಿನಲ್ಲಿ ಆಯಿತು. ವಿರೋಧ ಪಕ್ಷದ ನಾಯಕನ ಸ್ಥಾನಕ್ಕೆ ಸದನದ ಹತ್ತನೇ ಒಂದು ಭಾಗ, ಅಂದರೆ 55 ಸದಸ್ಯರ ಬಲ ಬೇಕೆಂಬ ರೂಢಿಯಿದೆ. 2014ರಲ್ಲಿ 44, 2019ರಲ್ಲಿ 52 ಗೆದ್ದಿದ್ದ ಕಾಂಗ್ರೆಸ್ಸಿಗೆ ಅದು ಸಿಗದೆ ಹತ್ತು ವರ್ಷ ಆ ಕುರ್ಚಿ ಖಾಲಿಯಿತ್ತು. 99 ಸ್ಥಾನ ಬಂದ ಮೇಲೆ ರಾಹುಲ್ ಗಾಂಧಿ ಅಲ್ಲಿ ಕುಳಿತರು. ಸಿಬಿಐ ನಿರ್ದೇಶಕರನ್ನೂ ಮುಖ್ಯ ಚುನಾವಣಾ ಆಯುಕ್ತರನ್ನೂ ಆರಿಸುವ ಸಮಿತಿಗಳಲ್ಲಿ ಈ ನಾಯಕರು ಸದಸ್ಯರಾಗಿರುವುದರಿಂದ, ಇದನ್ನು ಬರೀ ಗೌರವದ ಹುದ್ದೆ ಎಂದುಕೊಳ್ಳಬಾರದು.

ಪ್ರಶ್ನೆ: ಮಹಿಳಾ ಸಂಸದರ ಸಂಖ್ಯೆ ಹೆಚ್ಚಿತೇ?
– ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ. 2019ರಲ್ಲಿ 78 ಮಂದಿ ಗೆದ್ದಿದ್ದರು, 2024ರಲ್ಲಿ 74. ಕರ್ನಾಟಕದಿಂದ ಶೋಭಾ ಕರಂದ್ಲಾಜೆ, ಪ್ರಿಯಾಂಕಾ ಜಾರಕಿಹೊಳಿ, ಪ್ರಭಾ ಮಲ್ಲಿಕಾರ್ಜುನ್ ಎಂಬ ಮೂವರು ಮಾತ್ರ ಆರಿಸಿ ಬಂದರು. ಮೂರನೇ ಒಂದು ಭಾಗದ ಮೀಸಲಾತಿ ತಂದ 106ನೇ ತಿದ್ದುಪಡಿ 2023ರಲ್ಲೇ ಅಂಗೀಕಾರವಾಗಿದ್ದರೂ, ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆ ಮುಗಿದ ಮೇಲೆಯೇ ಅದು ಜಾರಿಗೆ ಬರಬೇಕೆಂದು ಅದರಲ್ಲೇ ಬರೆದಿದ್ದರಿಂದ ಈ ಚುನಾವಣೆಗೆ ಅನ್ವಯವಾಗಲಿಲ್ಲ. ಆದರೆ ಹೆಚ್ಚು ಮಹಿಳೆಯರಿಗೆ ಟಿಕೆಟ್ ಕೊಡಲು ಪಕ್ಷಗಳಿಗೆ ಯಾವ ಕಾನೂನೂ ಅಡ್ಡಿಯಾಗಿರಲಿಲ್ಲ.